ಬಾಣಂತಿ ಕೋಣೆಯ ಬ್ರಾಂದಿ

ಬಾಣಂತಿ ಕೋಣೆಗೆ ತನ್ನದೇ ಆದ ಒಂದು ವಾಸನೆ ಇದೆ. ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ, ಕಾಯಿಸಿದ ಎಣ್ಣೆ, ಸಾಂಬ್ರಾಣಿ ಹೊಗೆ. ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟ ಆ ಕೋಣೆಯಲ್ಲಿ, ಎಲ್ಲ ಮನೆಗಳಲ್ಲಿ ಅಲ್ಲದಿದ್ದರೂ ಕೆಲವು ಮನೆಗಳಲ್ಲಿ, ಇನ್ನೊಂದು ವಸ್ತುವೂ ಇರುತ್ತದೆ. ಗಂಡಸರ ಕಣ್ಣಿಗೆ ಬೀಳದಂತೆ ಡಬ್ಬಗಳ ಹಿಂದೆ ಇಟ್ಟ ಬ್ರಾಂದಿಯ ಸಣ್ಣ ಬಾಟಲಿ ಅದು. ರಾತ್ರಿ ಊಟಕ್ಕೆ ಮುಂಚೆ ಒಂದೆರಡು ಮುಚ್ಚಳ, ಬಿಸಿನೀರಿನೊಂದಿಗೆ. ಕೊಡುವವರು ತಾಯಿ ಅಥವಾ ಅತ್ತೆ. ಕುಡಿಯುವವಳು ಎಳೆಯ ಬಾಣಂತಿ. ಅದನ್ನು ಯಾರೂ ಕುಡಿತ ಎಂದು ಕರೆಯುವುದಿಲ್ಲ. ಅದು ಔಷಧ.

ಕರ್ನಾಟಕದ ಹಲವು ಭಾಗಗಳಲ್ಲಿ ಕೇಳಿಬರುವ ಈ ರೂಢಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಹೊರತು ಎನ್ನಲು ಕಾರಣವಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಗ ಹೊನ್ನಾಳಿಯ ಭಾಗವಾಗಿತ್ತು, ತಾಲ್ಲೂಕಾದದ್ದು ಈಚೆಗೆ. ಅಡಿಕೆ ತೋಟ, ಸೂಳೆಕೆರೆ, ತುಂಗಭದ್ರೆಯ ದಡದ ಗದ್ದೆ ಒಂದು ಕಡೆ. ಮಳೆಗಾಗಿ ಆಕಾಶ ನೋಡುವ ಜಗಳೂರಿನ ಕೆಮ್ಮಣ್ಣು ಇನ್ನೊಂದು ಕಡೆ. ಬೆಳೆ ಬೇರೆ, ಹವೆ ಬೇರೆ. ಆದರೆ ಬಾಣಂತನದ ನಂಬಿಕೆ ಮಾತ್ರ ಬಹುಮಟ್ಟಿಗೆ ಒಂದೇ: ಬಾಣಂತಿಗೆ ಶೀತ ಆಗಬಾರದು, ಎದೆಯಲ್ಲಿ ಹಾಲು ನಿಲ್ಲಬಾರದು.

ಈ ಎರಡು ಭಯಗಳಿಗೆ ಕಾರಣವಿಲ್ಲದೆ ಇಲ್ಲ. ಆಸ್ಪತ್ರೆ ದೂರವಿದ್ದ, ಆ್ಯಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಜ್ವರ, ನಡುಕ ಶುರುವಾದರೆ ಬಾಣಂತಿ ಉಳಿಯುವುದು ಕಷ್ಟವಿತ್ತು. ಜನ ಅದನ್ನು ‘ಸನ್ನಿ’ ಎಂದರು, ಶೀತದಿಂದ ಬಂತು ಎಂದರು. ಗರ್ಭಕೋಶಕ್ಕೆ ತಗಲುವ ಸೋಂಕಿನಿಂದ ಬರುವ ಜ್ವರ ಇದು ಎಂದು ವೈದ್ಯಲೋಕಕ್ಕೆ ಖಚಿತವಾದದ್ದೇ 19ನೇ ಶತಮಾನದಲ್ಲಿ. ಹಾಲು ನಿಂತರೂ ಅಷ್ಟೆ. ಡಬ್ಬಿ ಹಾಲು ಇಲ್ಲದ ಊರಿನಲ್ಲಿ ಮಗು ಉಳಿಯುವ ದಾರಿಯೇ ಮುಚ್ಚಿದಂತೆ. ಹೀಗಾಗಿ ಮೈ ಬಿಸಿ ಮಾಡುವ, ಹಾಲು ಹೆಚ್ಚಿಸುವ ಎಂದು ಹೇಳಲಾದ ಯಾವುದನ್ನೂ ಹೆಂಗಸರು ಬಿಡಲಿಲ್ಲ.

ಮದ್ಯ ಹಾಲು ಹೆಚ್ಚಿಸುತ್ತದೆ ಎಂಬುದು ಹಳ್ಳಿಯ ಮೌಢ್ಯ ಎಂದು ತಳ್ಳಿಹಾಕುವವರು ಚರಕ ಸಂಹಿತೆಯನ್ನು ನೋಡಬೇಕು. ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಹಾಲು ಹೆಚ್ಚಿಸುವ ಪದಾರ್ಥಗಳ ಪಟ್ಟಿ ಇದೆ. ಆ ಪಟ್ಟಿಯ ಮೊದಲಲ್ಲೇ ಬರುವುದು ಮದ್ಯಗಳು. ಕಬ್ಬಿನ ರಸದಿಂದ ಮಾಡುವ ಸೀಧು ಒಂದನ್ನು ಬಿಟ್ಟು. ಸುಶ್ರುತನೂ ತನ್ನ ಪಟ್ಟಿಯಲ್ಲಿ ಅಕ್ಕಿ, ಗೋಧಿ, ಮಾಂಸರಸ, ಬೆಳ್ಳುಳ್ಳಿ, ಮೀನುಗಳ ಜತೆ ಸುರೆಯನ್ನು ಸೇರಿಸಿದ್ದಾನೆ. ಹಾಲು ಬತ್ತುವುದಕ್ಕೆ ಅವನು ಕೊಡುವ ಕಾರಣಗಳು ಇನ್ನೂ ಕುತೂಹಲಕರ: ಸಿಟ್ಟು, ದುಃಖ, ಮಗುವಿನ ಮೇಲೆ ಪ್ರೀತಿ ಇಲ್ಲದಿರುವುದು. ತಾಯಿಯ ಮನಸ್ಸು ಕೆಟ್ಟರೆ ಹಾಲು ಇಳಿಯದು ಎಂಬ ಮಾತನ್ನು ಇಂದಿನ ಮಕ್ಕಳ ತಜ್ಞರೂ ಒಪ್ಪುತ್ತಾರೆ. ಸುರೆಯ ಮಾತನ್ನು ಒಪ್ಪುವುದಿಲ್ಲ.

ಅದೇ ಪುರಾತನ ಜಗತ್ತಿನ ಇನ್ನೊಂದು ತುದಿಯಲ್ಲಿ ಇದಕ್ಕೆ ತದ್ವಿರುದ್ಧ ಹೇಳಿದವನೊಬ್ಬನಿದ್ದ. ಕ್ರಿಸ್ತಶಕ ಎರಡನೆಯ ಶತಮಾನದ ಆಸುಪಾಸಿನಲ್ಲಿ ರೋಮ್‌ನಲ್ಲಿ ವೈದ್ಯನಾಗಿದ್ದ, ಎಫೆಸಸ್ ಊರಿನ ಸೊರಾನಸ್. ಹೆಂಗಸರ ರೋಗಗಳ ಬಗ್ಗೆ ಅವನು ಬರೆದ ಗ್ರಂಥದಲ್ಲಿ ಹಾಲೂಡುವ ದಾದಿ ಕುಡಿಯಬಾರದು ಎಂದಿದ್ದಾನೆ. ಮೂರು ಕಾರಣ ಕೊಟ್ಟಿದ್ದಾನೆ. ಕುಡಿದರೆ ಅವಳ ದೇಹ, ಮನಸ್ಸು ಕೆಟ್ಟು ಹಾಲು ಕೆಡುತ್ತದೆ. ಎಚ್ಚರವಾಗದಂಥ ನಿದ್ರೆ ಬಂದು ಮಗುವನ್ನು ನೋಡಿಕೊಳ್ಳದೆ ಬಿಡುತ್ತಾಳೆ, ಅದರ ಮೇಲೇ ಉರುಳಿ ಬೀಳಬಹುದು. ಮೂರನೆಯದು, ಮದ್ಯದ ಗುಣ ಹಾಲಿಗೆ ಇಳಿದು ಮಗು ಮಂಕಾಗುತ್ತದೆ, ನಡುಗುತ್ತದೆ, ಸೆಳವು ಬರಬಹುದು. ದ್ರಾಕ್ಷಾರಸದ ಗಸಿ ತಿಂದ ಹಂದಿಯ ಹಾಲು ಕುಡಿದ ಮರಿಗಳು ಮಂಪರು ಹತ್ತಿ ಬೀಳುವುದನ್ನು ಅವನು ಉದಾಹರಣೆಯಾಗಿ ಕೊಡುತ್ತಾನೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಹಂದಿಗೂಡನ್ನು ನೋಡಿ ಬರೆದ ಮಾತು ಇದು. ಮೂರರಲ್ಲಿ ಒಂದೂ ಪೂರ್ತಿ ತಪ್ಪಲ್ಲ.

ಹಾಗಾದರೆ ದಾವಣಗೆರೆ ಸೀಮೆಯ ಅಜ್ಜಿಯರು ಚರಕನನ್ನು ಅನುಸರಿಸಿದರೇ? ಅಷ್ಟು ಸರಳವಾಗಿಲ್ಲ. ಚರಕ ಹೇಳಿದ್ದು ಹುಳಿಯಿಸಿದ ಪಾನೀಯ. ಬ್ರಾಂದಿ ಭಟ್ಟಿ ಇಳಿಸಿದ್ದು. ಅದು ನಮ್ಮದಲ್ಲ, ಹಡಗಿನಲ್ಲಿ ಬಂದದ್ದು. 19ನೇ ಶತಮಾನದ ಯುರೋಪಿನಲ್ಲಿ ಬ್ರಾಂದಿ ಎಂದರೆ ಆಸ್ಪತ್ರೆಯ ಸಾಮಾನು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ರಾಬರ್ಟ್ ಬೆಂಟ್ಲಿ ಟಾಡ್ ಎಂಬ ಹೆಸರಾಂತ ವೈದ್ಯ ಜ್ವರದ ರೋಗಿಗಳಿಗೆ ಹೊತ್ತುಹೊತ್ತಿಗೆ ಬ್ರಾಂದಿ ಕೊಡಿಸುತ್ತಿದ್ದ. ಬ್ರಿಟಿಷ್ ಔಷಧಕೋಶದಲ್ಲಿ ಬ್ರಾಂದಿಗೆ ಲ್ಯಾಟಿನ್ ಹೆಸರೇ ಇತ್ತು. ಅಮೆರಿಕದ ಔಷಧಕೋಶ ಅದನ್ನು ಕೈಬಿಟ್ಟದ್ದು 1916ರಲ್ಲಿ. ದಂಡಿನ ಆಸ್ಪತ್ರೆ, ಸರ್ಕಾರಿ ಡಿಸ್ಪೆನ್ಸರಿಗಳ ಹಾದಿಯಲ್ಲೇ ಅದು ನಮ್ಮ ಮನೆಗಳ ಗೂಡಿಗೂ ಬಂದಿರಬೇಕು. ವೈದ್ಯರು ಅದನ್ನು ಮರೆತರು, ಮನೆಗಳು ಮರೆಯಲಿಲ್ಲ. ತಲೆತಲಾಂತರದ ಪದ್ಧತಿ ಎಂದು ಇಂದು ಹೇಳುವುದರಲ್ಲಿ ಅರ್ಧ ಪಾಲು ವಿಕ್ಟೋರಿಯಾ ರಾಣಿಯ ಕಾಲದ ವೈದ್ಯ ಬರೆದುಕೊಟ್ಟ ಚೀಟಿ.

ಪಶ್ಚಿಮದವರೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ದೊಡ್ಡ ಬಿಯರ್ ಕಂಪೆನಿಯೊಂದು ‘ಮಾಲ್ಟ್ ನ್ಯೂಟ್ರಿನ್’ ಎಂಬ ಟಾನಿಕ್ಕನ್ನು ಹಾಲೂಡಿಸುವ ತಾಯಂದಿರಿಗೆಂದು ಮಾರಿತು. ಐರ್ಲೆಂಡಿನಲ್ಲಿ ಬಾಣಂತಿಗೆ ಕಪ್ಪು ಬಿಯರ್ ಕೊಡುವ ರೂಢಿ ಇತ್ತು. ಮೆಕ್ಸಿಕೋದಲ್ಲಿ ಕತ್ತಾಳೆ ಜಾತಿಯ ಗಿಡದ ರಸ ಹುಳಿಯಿಸಿದ ‘ಪುಲ್ಕೆ’. ಮಕ್ಕಳನ್ನೂ ಬಿಟ್ಟಿರಲಿಲ್ಲ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರ್‌ನಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಗಳ ಜತೆ ಮದ್ಯಸಾರವೂ ಇತ್ತು. ಬ್ರಿಟನ್ನಿನಲ್ಲಿ ಅದನ್ನು ತೆಗೆದುಹಾಕಿದ್ದು 1990ರ ದಶಕದ ಆರಂಭದಲ್ಲಿ. ಇಂದು ನಮ್ಮಲ್ಲಿ ಆ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಮದ್ಯಸಾರವಿಲ್ಲ.

ವಿಜ್ಞಾನ ಈ ನಂಬಿಕೆಯನ್ನು ತಕ್ಕಡಿಗೆ ಹಾಕಿದ್ದು ತೀರಾ ಈಚೆಗೆ. ಇಲ್ಲಿ ತಕ್ಕಡಿ ಎಂಬುದು ಬರಿಯ ಮಾತಲ್ಲ. 1991ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಕೆಮಿಕಲ್ ಸೆನ್ಸಸ್ ಸೆಂಟರ್ ಎಂಬ ಸಂಸ್ಥೆಯಲ್ಲಿ ಜೂಲಿ ಮೆನೆಲ್ಲಾ ಮತ್ತು ಅವರ ಸಹೋದ್ಯೋಗಿ 12 ತಾಯಂದಿರನ್ನು ಕರೆಸಿದರು. ಒಂದು ದಿನ ಬರಿಯ ಕಿತ್ತಳೆ ರಸ, ಇನ್ನೊಂದು ದಿನ ಸ್ವಲ್ಪ ಮದ್ಯಸಾರ ಬೆರೆಸಿದ ಕಿತ್ತಳೆ ರಸ. ಪ್ರಮಾಣ ಹೆಚ್ಚೇನಲ್ಲ, 45 ಕಿಲೋ ತೂಕದ ಹೆಂಗಸಿಗೆ 30 ಮಿಲಿಯ ಒಂದು ಪೆಗ್‌ಗಿಂತ ತುಸು ಜಾಸ್ತಿ. ಹಾಲೂಡಿಸುವ ಮುಂಚೆ ಮತ್ತು ನಂತರ ಮಗುವನ್ನು ತೂಗಿ ಅದು ಎಷ್ಟು ಹಾಲು ಕುಡಿಯಿತು ಎಂದು ಲೆಕ್ಕ ಹಾಕಿದರು. ಮದ್ಯ ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾಯಿಯ ಹಾಲಿನ ವಾಸನೆ ಬದಲಾಗಿತ್ತು. ಮಕ್ಕಳು ಮೊದಲ ನಿಮಿಷ ಹೆಚ್ಚು ಬಿರುಸಾಗಿ ಚೀಪಿದವು. ಆದರೆ ಕುಡಿದ ಹಾಲು ಮಾತ್ರ ಕಡಿಮೆ, ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ.

ಅದೇ ವರ್ಷ ಅದೇ ಸಂಶೋಧಕರು ಬೆಳ್ಳುಳ್ಳಿಯನ್ನೂ ಪರೀಕ್ಷೆಗೆ ಹಚ್ಚಿದರು. ಬೆಳ್ಳುಳ್ಳಿ ಸೇವಿಸಿದ ತಾಯಿಯ ಹಾಲಿಗೂ ಆ ವಾಸನೆ ಬಂತು. ಆದರೆ ಮಕ್ಕಳು ಎದೆಗೆ ಅಂಟಿಕೊಂಡು ಇನ್ನೂ ಹೆಚ್ಚು ಹೊತ್ತು ಚೀಪಿದವು! ಸುಶ್ರುತನ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಪದಾರ್ಥಗಳಲ್ಲಿ ಬಾಣಂತಿಯ ಒಗ್ಗರಣೆಯ ಬೆಳ್ಳುಳ್ಳಿ ಪಾಸಾಯಿತು, ಸುರೆ ಫೇಲಾಯಿತು ಎಂದು ಹೇಳಬಹುದು.

ಸಾವಿರಾರು ವರ್ಷ ಇಷ್ಟೊಂದು ತಾಯಂದಿರು ಹೇಗೆ ಮೋಸ ಹೋದರು? ಇದಕ್ಕೆ ಉತ್ತರ 2005ರ ಇನ್ನೊಂದು ಅಧ್ಯಯನದಲ್ಲಿ ಸಿಕ್ಕಿತು. ಎದೆಹಾಲಿನ ಹಿಂದೆ ಮುಖ್ಯವಾಗಿ ಎರಡು ಹಾರ್ಮೋನುಗಳಿವೆ. ಪ್ರೊಲ್ಯಾಕ್ಟಿನ್ ಹಾಲು ಉತ್ಪಾದಿಸಲು, ಆಕ್ಸಿಟೋಸಿನ್ ಆ ಹಾಲನ್ನು ಹೊರಕ್ಕೆ ಬಿಡಲು. ಮದ್ಯ ಸೇವಿಸಿದಾಗ ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ. ಅಂದರೆ ಎದೆ ತುಂಬಿ ಬಿಗಿದಂತೆ ಅನ್ನಿಸುತ್ತದೆ, ಹಾಲು ಮಾತ್ರ ಸರಾಗವಾಗಿ ಇಳಿಯುವುದಿಲ್ಲ. ತುಂಬಿದ ಎದೆಯನ್ನು ನೋಡಿದ ಅಜ್ಜಿ ಹಾಲು ಹೆಚ್ಚಾಯಿತು ಎನ್ನುತ್ತಾಳೆ. ಅಣೆಕಟ್ಟೆಯಲ್ಲಿ ನೀರು ಕಂಡರೂ ನಾಲೆಗೆ ನೀರು ಬಿಡದಿದ್ದರೆ ಗದ್ದೆ ಒಣಗುತ್ತದೆಂಬುದು ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಬಾರ್ಲಿಯಲ್ಲಿರುವ ಒಂದು ಅಂಶಕ್ಕೂ ಪ್ರೊಲ್ಯಾಕ್ಟಿನ್ ಏರಿಸುವ ಗುಣವಿದೆ. ಬಿಯರಿಗೆ ಹಾಲು ಹೆಚ್ಚಿಸುವ ಕೀರ್ತಿ ಬಂದದ್ದರಲ್ಲಿ ಅದರ ಪಾಲೂ ಇರಬಹುದು. ಆ ಅಂಶ ಬಾರ್ಲಿ ಗಂಜಿಯಲ್ಲೂ ಸಿಗುತ್ತದೆ.

ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂಬ ಮಾತೂ ನಿಲ್ಲಲಿಲ್ಲ. 1998ರಲ್ಲಿ ತಾಯಂದಿರದೇ ಹಾಲು ಹಿಂಡಿ, ಅದಕ್ಕೆ ಸ್ವಲ್ಪ ಮದ್ಯಸಾರ ಬೆರೆಸಿ ಮಕ್ಕಳಿಗೆ ಕುಡಿಸಿ ನೋಡಿದಾಗ ಮುಂದಿನ ಮೂರೂವರೆ ಗಂಟೆಗಳಲ್ಲಿ ಅವು ನಿದ್ರಿಸಿದ ಅವಧಿ ಕಡಿಮೆಯಾಗಿತ್ತು. ಮೈ ಬಿಸಿಯಾಗುವುದೂ ಭ್ರಮೆಯೇ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬಿಸಿ ಅನ್ನಿಸುತ್ತದೆ. ನಿಜದಲ್ಲಿ ದೇಹದ ಶಾಖ ಹೊರಕ್ಕೆ ಹೋಗುತ್ತದೆ.

ಇನ್ನು ಮಗುವಿಗೆ ಎಷ್ಟು ತಲುಪುತ್ತದೆ ಎಂಬ ಪ್ರಶ್ನೆ. ಇಲ್ಲಿ ಹೆದರಿಸುವುದೂ ತಪ್ಪು, ಮುಚ್ಚಿಡುವುದೂ ತಪ್ಪು. ತಾಯಿಯ ರಕ್ತದಲ್ಲಿ ಎಷ್ಟು ಮದ್ಯಸಾರ ಇರುತ್ತದೋ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರಕ್ತದಲ್ಲಿ ಇಳಿದಂತೆ ಹಾಲಿನಲ್ಲೂ ಇಳಿಯುತ್ತದೆ. ಹಿಂಡಿ ಚೆಲ್ಲಿದರೆ ಬೇಗ ಹೋಗುತ್ತದೆ ಎಂಬುದು ಸುಳ್ಳು. ಒಂದು ಪೆಗ್ ಕುಡಿದರೆ ಅದು ಪೂರ್ತಿ ಇಳಿಯಲು ಎರಡರಿಂದ ಮೂರು ಗಂಟೆ ಬೇಕು, ಎರಡು ಪೆಗ್ ಆದರೆ ಅದರ ಎರಡರಷ್ಟು. ಒಂದು ಪೆಗ್ ಕುಡಿದ ತಾಯಿಯ ಹಾಲಿನಿಂದ ಮಗುವಿಗೆ ಅಮಲೇರುವುದಿಲ್ಲ. ಅಷ್ಟು ಮದ್ಯಸಾರ ಅದರಲ್ಲಿರುವುದಿಲ್ಲ. ಆದರೆ ಹಸುಗೂಸಿನ ಯಕೃತ್ತು ಮದ್ಯಸಾರವನ್ನು ದೊಡ್ಡವರ ವೇಗದಲ್ಲಿ ಕರಗಿಸಲಾರದು. ಮೇಲಾಗಿ ಹುಟ್ಟಿದ ಹೊಸತರಲ್ಲಿ ಮಗುವಿಗೆ ಎರಡು ಗಂಟೆಗೊಮ್ಮೆ ಹಾಲು ಬೇಕು. ಮೂರು ಗಂಟೆ ಕಾಯಿರಿ ಎನ್ನುವುದು ಬಾಣಂತಿಯ ದಿನಚರಿಗೆ ಹೊಂದದ ಮಾತು.

ದೀರ್ಘಕಾಲದ ಪರಿಣಾಮದ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಹಾಲೂಡಿಸುವಾಗ ದಿನವೂ ಕುಡಿದ ತಾಯಂದಿರ ಮಕ್ಕಳಲ್ಲಿ ಒಂದು ವರ್ಷದ ಹೊತ್ತಿಗೆ ಕೈಕಾಲು ಚಲನೆಯ ಬೆಳವಣಿಗೆ ತುಸು ಹಿಂದಿತ್ತು ಎಂದು 1989ರಲ್ಲಿ ಅಮೆರಿಕದ ರೂತ್ ಲಿಟಲ್ ಮತ್ತು ಸಂಗಡಿಗರು ವರದಿ ಮಾಡಿದರು. 2002ರಲ್ಲಿ ಅವರೇ ಬ್ರಿಟನ್ನಿನ ಒಂದೂವರೆ ವರ್ಷದ ಮಕ್ಕಳಲ್ಲಿ ಹುಡುಕಿದಾಗ ಅದು ಮತ್ತೆ ಕಾಣಿಸಲಿಲ್ಲ. 2018ರ ಆಸ್ಟ್ರೇಲಿಯದ ಅಧ್ಯಯನವೊಂದು, ತಾಯಿಯ ಕುಡಿತ ಹೆಚ್ಚಿದಷ್ಟೂ ಆರೇಳು ವರ್ಷದ ಮಕ್ಕಳ ತಾರ್ಕಿಕ ಸಾಮರ್ಥ್ಯದ ಅಂಕ ಕಡಿಮೆ ಎಂದಿತು. ಆದರೆ ದೊಡ್ಡವರಾಗುತ್ತಾ ಆ ವ್ಯತ್ಯಾಸ ಗೋಚರಿಸಲಿಲ್ಲ. ಗರ್ಭಿಣಿ ಕುಡಿಯುವುದರ ವಿಷಯದಲ್ಲಿ ಇಂಥ ಅನುಮಾನವಿಲ್ಲ. 1968ರಲ್ಲಿ ಫ್ರಾನ್ಸಿನ ಲೆಮ್ವಾನ್, 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜೋನ್ಸ್ ಮತ್ತು ಸ್ಮಿತ್ ವಿವರಿಸಿದ ಮಕ್ಕಳ ಮುಖ, ಮಿದುಳುಗಳ ದೋಷ ಜೀವನಪೂರ್ತಿ ಉಳಿಯುವಂಥದ್ದು. ಹೊಟ್ಟೆಯಲ್ಲಿರುವ ಮಗುವಿಗೆ ಹೊಕ್ಕುಳಬಳ್ಳಿಯ ಮೂಲಕ ತಲುಪುವುದಕ್ಕೂ ಎದೆಹಾಲಿನ ಮೂಲಕ ತಲುಪುವುದಕ್ಕೂ ಅಜಗಜಾಂತರವಿದೆ. ಎರಡನ್ನೂ ಒಂದೇ ಎಂದು ಹೆದರಿಸಿ ಎದೆಹಾಲನ್ನೇ ಬಿಡಿಸಿದರೆ ಮಗುವಿಗೆ ಇನ್ನೂ ಹೆಚ್ಚಿನ ನಷ್ಟ.

ಬಾಣಂತಿ ಕೋಣೆಯಲ್ಲಿ ಅತಿ ಅಪಾಯದ ಸಂಗತಿ ಬೇರೆಯೇ ಇದೆ. ನೆಗಡಿಯಾದ ಕೂಸಿಗೆ ನೇರವಾಗಿ ಕುಡಿಸುವ ಬ್ರಾಂದಿ ಅದು. ಒಂದು ಲೆಕ್ಕ ನೋಡಿ. ನಮ್ಮಲ್ಲಿ ಸಿಗುವ ಬ್ರಾಂದಿಯಲ್ಲಿ ಮದ್ಯಸಾರ ಶೇ 42.8. ಟೀ ಚಮಚದಷ್ಟು, ಅಂದರೆ 5 ಮಿಲಿಯಲ್ಲಿ, ಸುಮಾರು 1.7 ಗ್ರಾಂ. ಮೂರು ಕಿಲೋ ತೂಕದ ಮಗುವಿನ ಮೈಯಲ್ಲಿ ಅದು ಹರಡಿದರೆ 100 ಮಿಲಿ ರಕ್ತಕ್ಕೆ ಸುಮಾರು 80 ಮಿಲಿಗ್ರಾಂ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲಕನ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಪೊಲೀಸರು ಕೇಸು ಹಾಕುತ್ತಾರೆ! ಚಮಚದ ಕಾಲು ಭಾಗ ಕೊಟ್ಟರೂ ಅದು 20 ಮಿಲಿಗ್ರಾಂ. ಎಳೆ ಮಕ್ಕಳಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ತಟ್ಟನೆ ಇಳಿಸುತ್ತದೆ, ಉಸಿರಾಟವನ್ನು ನಿಧಾನಗೊಳಿಸುತ್ತದೆ. ಅಳು ನಿಲ್ಲಿಸಿ ಮಲಗಿದ ಕೂಸು ಗುಣವಾಯಿತು ಎಂದುಕೊಂಡವರು ನೋಡುತ್ತಿರುವುದು ಬಹುಶಃ ಇದನ್ನೇ.

ಸೊರಾನಸ್ ಹೇಳಿದ ಎರಡನೆಯ ಕಾರಣಕ್ಕೂ ಇಲ್ಲಿ ಜಾಗವಿದೆ. ನಮ್ಮಲ್ಲಿ ತಾಯಿ, ಮಗು ಒಂದೇ ಹಾಸಿಗೆಯಲ್ಲಿ, ಒಂದೇ ಕಂಬಳಿಯಲ್ಲಿ ಮಲಗುವುದು ರೂಢಿ. ಸಹಜ ನಿದ್ರೆಯಲ್ಲಿರುವ ತಾಯಿಗೆ ಮಗು ಮಿಸುಕಿದರೂ ಎಚ್ಚರವಾಗುತ್ತದೆ. ಕುಡಿದು ಮಲಗಿದವಳಿಗೆ ಆಗುವುದಿಲ್ಲ.

ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟ, ಜೀರಕಾರಿಷ್ಟಗಳಲ್ಲಿಯೂ ಮದ್ಯಸಾರ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ಇರುತ್ತದೆ, ಹುಳಿಯುವಾಗ ತಾನಾಗಿ ಹುಟ್ಟುವ ಮದ್ಯಸಾರ ಎಂದು ಬಾಟಲಿಯ ಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ ಶೇ 5ರಿಂದ 10. ಶೇ 8 ಎಂದುಕೊಂಡರೆ 30 ಮಿಲಿ ಅರಿಷ್ಟದಲ್ಲಿ ಎರಡು ಗ್ರಾಮಿನಷ್ಟು. ಅಷ್ಟೇ ಬ್ರಾಂದಿಯಲ್ಲಿ ಹತ್ತು ಗ್ರಾಂ. ಅಳತೆ ಮೀರದೆ, ವೈದ್ಯರನ್ನು ಕೇಳಿ, ಮಗುವಿಗೆ ಹಾಲೂಡಿಸಿದ ನಂತರ ಕುಡಿದರೆ ಹಾಲಿಗೆ ಇಳಿಯುವುದು ಅತ್ಯಲ್ಪ. ಬ್ರಾಂದಿಗೂ ಇದಕ್ಕೂ ತಳಕು ಹಾಕುವುದು ನ್ಯಾಯವಲ್ಲ.

ಈ ಸೀಮೆಗೆ ಕುಡಿತದ ವಿರುದ್ಧದ ಪರಂಪರೆಯೂ ಹೊಸದಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳ. 18ನೇ ಶತಮಾನದ ಆ ಸಂತರು ತಾಂಡಾಗಳಿಗೆ ಬೋಧಿಸಿದ ಮಾತುಗಳಲ್ಲಿ ಮದ್ಯ ಮುಟ್ಟಬೇಡಿ ಎಂಬುದೂ ಒಂದು. ಜಗಳೂರು, ಚಿತ್ರದುರ್ಗದ ಕಡೆಯ ಸಂಪ್ರದಾಯಸ್ಥ ಮ್ಯಾಸಬೇಡರ ಹಟ್ಟಿಗಳಲ್ಲಿ ಹೆಂಡ ನಿಷಿದ್ಧ. ಹೆಂಡ ಕೊಡುವ ಈಚಲು ಮರವನ್ನೇ ದೂರವಿಡುವವರಿದ್ದಾರೆ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಆ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಯ 90 ಮಿಲಿ ಪೊಟ್ಟಣಗಳು ಬಂದವು. ಬಾಣಂತಿಗೆಂದು ತರುವುದೂ ಹಗುರವಾಯಿತು. 2019ರ ಜನವರಿ 19ರಂದು ಮದ್ಯ ನಿಷೇಧಕ್ಕಾಗಿ ಸಾವಿರಾರು ಹಳ್ಳಿ ಹೆಂಗಸರು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟದ್ದು ಜಗಳೂರಿನ ಪಕ್ಕದ ಚಿತ್ರದುರ್ಗದಿಂದಲೇ. ಅವರು ದೂರಿದ್ದು ಗಂಡಸರ ಕುಡಿತವನ್ನು, ಅದೂ ಸಹಜವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುವವರು ಶೇ 19, ಹೆಂಗಸರಲ್ಲಿ ಶೇ 1.

ಆ ಒಂದರಲ್ಲಿ ಬಾಣಂತಿ ಕೋಣೆಯ ಮುಚ್ಚಳ ಬ್ರಾಂದಿ ಸೇರಿರಲಾರದು. ಕುಡಿಯುತ್ತೀಯಾ ಎಂದು ಕೇಳಿದರೆ ಬಾಣಂತಿ ಇಲ್ಲ ಎನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಅವಳ ಮಟ್ಟಿಗೆ ಅದು ಕುಡಿತವಲ್ಲ. ಹೆರಿಗೆಯ ನಂತರದ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ, ಮಗುವನ್ನು ನೋಡಬೇಕೆಂಬ ನಿಯಮವಿದೆ. ಬಾಟಲಿ ಕೋಣೆಯಲ್ಲಿರುವುದೂ ಅದೇ ದಿನಗಳಲ್ಲಿ. ಆಗ ಪ್ರಶ್ನೆಯನ್ನು ಬಾಣಂತಿಗಲ್ಲ, ಹೊಸಿಲಲ್ಲಿ ಕೂತ ಹಿರಿಯಳಿಗೆ, ಬೇರೆ ಮಾತಿನಲ್ಲಿ ಕೇಳಬೇಕು: “ಅಜ್ಜಿ, ಶೀತಕ್ಕೆ ಏನ್ ಕೊಡ್ತಿದ್ದೀರಿ?” ಉತ್ತರ ಬೆಳ್ಳುಳ್ಳಿ, ಸಬ್ಬಸಿಗೆ, ಮೆಂತ್ಯಗಳಿಂದ ಶುರುವಾಗುತ್ತದೆ. ಪಟ್ಟಿ ಮುಗಿಯುವವರೆಗೆ ಕೂತು ಕೇಳಿಸಿಕೊಂಡರೆ ಬ್ರಾಂದಿಯ ಹೆಸರು ಕೊನೆಯಲ್ಲಿ ಬರುತ್ತದೆ.